ಗೆದ್ದ ಸೋಮವಾರಕ್ಕೆ ಕಾಯುತ್ತಾ

ಬಾಯಿ ಬಿಟ್ಟು ಕೇಳುವುದು ಎಂಬ ಒಂದು ವಿದ್ಯೆ ಇದೆ. ನನಗೆ ಅದು ಹತ್ತಲೇ ಇಲ್ಲ. ನೆಂಟರ ಮನೆಯಲ್ಲಿ ಎರಡನೆಯ ಹೋಳಿಗೆ ಬೇಕು ಅನ್ನಿಸುತ್ತಿರುವಾಗಲೇ ನನ್ನ ಕೈ ತಾನಾಗಿ ಎಲೆಯ ಮೇಲೆ ಅಡ್ಡ ಹೋಗಿ, ಬಾಯಿ "ಸಾಕು ಸಾಕು" ಅಂದುಬಿಡುತ್ತದೆ. ಸಿಂಗಪುರಕ್ಕೆ ಬಂದ ಹೊಸದರಲ್ಲಿ ಆಫೀಸಿನ ಹತ್ತಿರದ ಹಾಕರ್ ಸೆಂಟರಿನ ಸಾಲು ಊಟದಂಗಡಿಗಳಲ್ಲಿ ಒಬ್ಬಾಕೆ ನನ್ನ ವೆಜಿಟೇರಿಯನ್ ನೂಡಲ್ಸಿನ ಮೇಲೆ ಪ್ರೀತಿಯಿಂದ ಒಂದು ಮೊಟ್ಟೆ ಇಟ್ಟುಕೊಟ್ಟಳು. ಮೊದಲ ದಿನ ಹೇಳಲು ಸಂಕೋಚವಾಯಿತು. ಎರಡನೆಯ ದಿನ, ನೆನ್ನೆ ಹೇಳದೆ ಇವತ್ತು ಹೇಗೆ ಹೇಳುವುದು ಅನ್ನಿಸಿತು. ಮೂರು ವರ್ಷ ಆ ಮೊಟ್ಟೆಯನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು ಊಟ ಮಾಡಿದೆ. ನಮ್ಮ ಕಡೆ ಇದಕ್ಕೆ ದಾಕ್ಷಿಣ್ಯ ಎಂದು ಮರ್ಯಾದೆಯ ಹೆಸರಿದೆ. ನನ್ನ ಹೆಂಡತಿ ವೀಣಾ ಇದನ್ನು ಪುಕ್ಕಲುತನ ಅನ್ನುತ್ತಾಳೆ.

ಇದೇ ಗುಣ ಟ್ಯಾಂಪಿನೀಸಿನಲ್ಲಿ ಸುಖವಾಗಿದ್ದ ನಮ್ಮನ್ನು ಎತ್ತಿ ದ್ವೀಪದ ಇನ್ನೊಂದು ತುದಿಯ ಚೋವಾ ಚು ಕಾಂಗಿಗೆ ಎಸೆಯಿತು. ಅದರಲ್ಲಿ ಅರ್ಧ ತಪ್ಪು ಆಸ್ಟ್ರೇಲಿಯಾದ ಒಂದು ರಗ್ಬಿ ಲೀಗ್ ಕ್ಲಬ್ಬಿನದು ಎಂದು ನಾನು ಬಹಳ ದಿನ ವಾದಿಸಿದೆ. ಕ್ಲಬ್ಬಿನವರಿಗೆ ನಾನು ಯಾರೆಂದು ಗೊತ್ತಿಲ್ಲ. ಅವರಿಂದ ನನಗಾದ ನಷ್ಟ ಮಾತ್ರ ನನಗೆ ಚೆನ್ನಾಗಿ ಗೊತ್ತು.

ರಾಫೆಲ್ಸ್ ಪ್ಲೇಸಿನ ನಮ್ಮ ಆಫೀಸಿನಲ್ಲಿ ಆಗ ಕೆವಿನ್ ಎಂಬ ಆಸ್ಟ್ರೇಲಿಯದವನು ನನ್ನ ಬಾಸ್ ಆಗಿದ್ದ. ಕೆಟ್ಟವನಲ್ಲ. ಆದರೆ ಅವನ ಜೀವ ಅವನ ಊರಿನ ಕ್ಲಬ್ಬಿನಲ್ಲಿತ್ತು. ವಾರದ ಕೊನೆಯಲ್ಲಿ ಕ್ಲಬ್ ಗೆದ್ದರೆ ಸೋಮವಾರ ಬೆಳಿಗ್ಗೆ, ಈ ಊರಿನ ಸೆಕೆಯಲ್ಲೂ, ಕುತ್ತಿಗೆಗೆ ಉಣ್ಣೆಯ ಸ್ಕಾರ್ಫ್ ಸುತ್ತಿಕೊಂಡು, ಎಲ್ಲರ ಬೆನ್ನು ತಟ್ಟುತ್ತಾ ಬರುತ್ತಿದ್ದ. ಸೋತರೆ ಸ್ಕಾರ್ಫ್ ಇಲ್ಲ. ಕಾಫಿ ಲೋಟ ಹಿಡಿದು ನೇರ ಒಳಗೆ ಹೋಗಿ ಗಾಜಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಆ ಬಾಗಿಲು ಮುಚ್ಚಿದ್ದರೆ ನಾನು ಪ್ರಿಂಟರಿಗೂ ಸುತ್ತು ಬಳಸಿ ಹೋಗುತ್ತಿದ್ದೆ.

ಆ ವರ್ಷ ನನಗೆ ಅವನಿಂದ ಒಂದು ಸಹಿ ಬೇಕಾಗಿತ್ತು. ನಮ್ಮ ಮಗಳು ಇಂಚರಾಳನ್ನು ಮಾರನೆಯ ವರ್ಷ ಒಂದನೆಯ ಕ್ಲಾಸಿಗೆ ರಿಜಿಸ್ಟರ್ ಮಾಡಬೇಕು. ಮನೆಯೆದುರೇ, ರಸ್ತೆ ದಾಟಿದರೆ ಶಾಲೆ. ಪಕ್ಕದ ಬ್ಲಾಕಿನ ಮೇ ಲಿಂಗ್ ಎಂಬ ಪುಟಾಣಿ ಅವಳ ಪ್ರಾಣಸ್ನೇಹಿತೆ. ಇಬ್ಬರೂ ನಮ್ಮ ಬ್ಲಾಕಿನ ಕೆಳಗಿನ ಖಾಲಿ ಜಾಗವಾದ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತು, ಒಂದೇ ಶಾಲೆಗೆ ಕೈ ಹಿಡಿದುಕೊಂಡು ಹೋಗುವುದೆಂದು ಎಂದೋ ತೀರ್ಮಾನಿಸಿ ಆಗಿತ್ತು. ಆದರೆ ನಾವಿದ್ದದ್ದು ಕೆಲಸ ಇರುವಷ್ಟು ದಿನದ ವರ್ಕ್ ಪಾಸಿನಲ್ಲಿ. ನಮ್ಮಂಥವರ ಮಕ್ಕಳಿಗೆ ಎಲ್ಲರದ್ದೂ ಮುಗಿದ ಮೇಲೆ, ಎಲ್ಲಿ ಖಾಲಿ ಇದೆಯೋ ಅಲ್ಲಿ ಸೀಟು. ಪಿ.ಆರ್., ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ, ಸಿಕ್ಕರೆ ಎದುರಿನ ಶಾಲೆಗೆ ಕೇಳಬಹುದು. ಪಿ.ಆರ್. ಅರ್ಜಿಯ ಜೊತೆ ಕಂಪನಿಯ ಒಂದು ಫಾರ್ಮ್ ಹೋಗಬೇಕು, ಅದಕ್ಕೆ ಮೊದಲು ಬಾಸ್ ಸಹಿ ಹಾಕಬೇಕು. ಅರ್ಜಿಗೆ ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಮಾರ್ಚಿನಲ್ಲೇ ವೀಣಾ ಫಾರ್ಮನ್ನು ತುಂಬಿ, ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿ, ಫೋಲ್ಡರಿನ ಮೇಲೆ ಅರಿಶಿನ ಕುಂಕುಮ ಹಚ್ಚಿ ನನ್ನ ಬ್ಯಾಗಿನಲ್ಲಿಟ್ಟಳು.

ಅದೇ ಮಾರ್ಚಿನಲ್ಲಿ ರಗ್ಬಿ ಸೀಸನ್ ಶುರುವಾಯಿತು. ಕ್ಲಬ್ ಮೊದಲನೆಯ ಮ್ಯಾಚ್ ಗೆದ್ದಿತು. ಸ್ಕಾರ್ಫ್ ಬಂತು. "ಇವತ್ತೇ ಕೇಳಿಬಿಡಿ" ಎಂದು ವೀಣಾ ಮೆಸೇಜ್ ಮಾಡಿದಳು. ಹಿಂದೆಯೇ ಇನ್ನೊಂದು ಮೆಸೇಜ್: "ತಾಳಿ, ರಾಹುಕಾಲ ನೋಡ್ಕೊಳ್ಳಿ." ಸೋಮವಾರದ ರಾಹುಕಾಲ ಮೈಸೂರಿನ ಕ್ಯಾಲೆಂಡರಿನ ಪ್ರಕಾರ ಏಳೂವರೆಯಿಂದ ಒಂಬತ್ತು. ಮೈಸೂರಿನ ಏಳೂವರೆ ಅಂದರೆ ಇಲ್ಲಿಯ ಹತ್ತು ಗಂಟೆ ಎಂಬುದು ನನ್ನ ಅತ್ತೆಯವರ ವಾದ. ಇಲ್ಲಿ ಸೂರ್ಯ ಹುಟ್ಟುವುದೇ ಏಳಕ್ಕೆ, ಹಾಗಾಗಿ ಎಂಟೂವರೆಯಿಂದ ಹತ್ತು ಎಂಬುದು ನಮ್ಮ ಪರಿಚಯದ ಪುರೋಹಿತರ ವಾದ. ಯಾರನ್ನೂ ಬೇಸರ ಮಾಡುವುದು ಬೇಡವೆಂದು ವೀಣಾ ಮೂರನ್ನೂ ಒಪ್ಪಿಕೊಂಡಳು. ಹೀಗೆ ಬೆಳಗಿನ ಏಳೂವರೆಯಿಂದ ಹನ್ನೊಂದೂವರೆಯವರೆಗೆ ರಾಹುವಿನ ಪಾಲಾಯಿತು. ಹನ್ನೊಂದೂವರೆಗೆ ಕೆವಿನ್ ಮೀಟಿಂಗಿಗೆ ಹೋಗುತ್ತಿದ್ದ.

ನಿಜ ಹೇಳಬೇಕೆಂದರೆ ರಾಹು ನನಗೆ ಉಪಕಾರವನ್ನೇ ಮಾಡುತ್ತಿದ್ದ. ನನಗೆ ಬೇಕಾಗಿದ್ದದ್ದು ನೆಪ. ಎರಡನೆಯ ವಾರವೂ ಕ್ಲಬ್ ಗೆದ್ದಿತು, ಮೂರನೆಯ ವಾರವೂ. ಇಷ್ಟು ಚೆನ್ನಾಗಿ ಆಡುತ್ತಿರುವಾಗ ಇನ್ನೆರಡು ಗೆಲ್ಲಲಿ, ಇನ್ನಷ್ಟು ಖುಷಿಯಲ್ಲಿರುವಾಗ ಕೇಳಿದರೆ ಸಹಿಯ ಜೊತೆ ನಾಲ್ಕು ಒಳ್ಳೆ ಮಾತೂ ಬರೆದುಕೊಟ್ಟಾನು ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಆಟವನ್ನೂ ಕಲಿತೆ. ಮೊದಲು ನನಗದು ಚೆಂಡಿಟ್ಟುಕೊಂಡು ಆಡುವ ಕಬಡ್ಡಿಯ ಹಾಗೆ ಕಂಡಿತು. ಒಂದೊಂದು ಕಡೆ ಹದಿಮೂರು ಜನ. ಚೆಂಡು ಹಿಡಿದು ಮುಂದಕ್ಕೆ ಓಡಬೇಕು, ಆದರೆ ಕೈಯಿಂದ ಎಸೆಯುವಾಗ ಹಿಂದಕ್ಕೇ ಎಸೆಯಬೇಕು. ಎದುರಾಳಿಗಳು ಹಿಡಿದು ಕೆಡವುವುದಕ್ಕೆ ಟ್ಯಾಕಲ್ ಅನ್ನುತ್ತಾರೆ, ಆರು ಟ್ಯಾಕಲ್ ಆಗುವ ತನಕ ಚೆಂಡು ನಿಮ್ಮದು. ಅಷ್ಟರಲ್ಲಿ ಏನೂ ಸಾಧಿಸದಿದ್ದರೆ ಸುಮ್ಮನೆ ಅವರ ಕೈಗೆ ಕೊಟ್ಟುಬಿಡಬೇಕು. ಒಂದು ಸೋಮವಾರ ಕೆವಿನ್ ಮುಂದೆ "ನಮ್ಮ ಹುಡುಗರು ಐದನೇ ಟ್ಯಾಕಲ್‌ನಲ್ಲಿ ಚೆಂಡು ಒದೆಯೋದು ಸ್ವಲ್ಪ ಲೇಟಾಯ್ತು" ಅಂದೆ. ಅವನು ಸಂತೋಷದಿಂದ ನನ್ನನ್ನು ತಬ್ಬಿಕೊಂಡ. ತಬ್ಬಿಕೊಂಡವನ ಬೆನ್ನ ಹಿಂದೆ ನನ್ನ ಬ್ಯಾಗಿತ್ತು, ಬ್ಯಾಗಿನಲ್ಲಿ ಫಾರ್ಮಿತ್ತು. ಇಷ್ಟು ಪ್ರೀತಿ ತೋರಿಸಿದ ಕೂಡಲೇ ಕೆಲಸ ಕೇಳಿದರೆ ಕೆಲಸಕ್ಕಾಗಿಯೇ ಹೊಗಳಿದ ಅಂದುಕೊಳ್ಳುತ್ತಾನಲ್ಲ ಎಂದು ಬ್ಯಾಗಿನ ಜಿಪ್ ತೆಗೆಯಲಿಲ್ಲ. ಕೆಲಸಕ್ಕಾಗಿಯೇ ಹೊಗಳಿದ್ದೆ, ಆ ಮಾತು ಬೇರೆ.

ಐದನೆಯ ಗೆಲುವಿನ ಶನಿವಾರ ಮಧ್ಯಾಹ್ನ ಅವನು ತನ್ನ ಕಾಂಡೋ ಮನೆಗೇ ನನ್ನನ್ನು ಕರೆದ. ಎಲ್ಲರಿಗೂ ಇದ್ದಿಲ ಕೆಂಡದ ಮೇಲೆ ಏನೇನೋ ಸುಡುತ್ತಿದ್ದರೆ, ನನಗಾಗಿ ಪಾಪ ಆರು ಜೋಳದ ತೆನೆ ಸುಟ್ಟಿದ್ದ. ಬೇಡ ಅನ್ನಲಾರದೆ ಆರನ್ನೂ ತಿಂದೆ. ಕ್ಲಬ್ ಗೆದ್ದಿತು. ಟಿ.ವಿ.ಯ ಮುಂದೆ ಕುಣಿದು, ನನ್ನ ಹೆಗಲ ಮೇಲೆ ಕೈ ಹಾಕಿ, "ಶ್ರೀನಿ, ಇವತ್ತು ನೀನು ಏನು ಕೇಳಿದ್ರೂ ಕೊಡ್ತೀನಿ" ಅಂದ. ಫೋಲ್ಡರ್ ನನ್ನ ಕಾಲ ಬುಡದಲ್ಲೇ ಇತ್ತು. ನನ್ನ ಬಾಯಿಂದ ಏನು ಬಂತು ಗೊತ್ತೇ? "ಸ್ವಲ್ಪ ನೀರು" ಅಂದೆ.

ಮನೆಗೆ ಬಂದಾಗ ವೀಣಾ ನನ್ನ ಮುಖ ನೋಡಿಯೇ ಎಲ್ಲವನ್ನೂ ಅರ್ಥ ಮಾಡಿಕೊಂಡಳು.

"ಕೇಳಿದ್ರಾ?"

"ಊಟದ ಹೊತ್ತಲ್ಲಿ ಆಫೀಸ್ ವಿಷ್ಯ ತೆಗೆಯೋದು ಚೆನ್ನಾಗಿರಲ್ಲ ಕಣೇ. ಸೋಮವಾರ ಕೇಳ್ತೀನಿ."

"ನಿಮ್ಮ ಮಗಳಿಗಿಂತ ಆ ಕೆವಿನ್ ಊಟ ಹೆಚ್ಚಾಯ್ತಾ ನಿಮಗೆ?" ಅಂದಳು. ಫೋಲ್ಡರಿನ ಕುಂಕುಮ ಅಳಿಸಿಹೋಗಿತ್ತು. ಮತ್ತೆ ಹಚ್ಚಿದಳು.

ಆ ಮೇಲಿನ ವಾರ ಕ್ಲಬ್ಬಿನ ನಾಯಕ ಮಂಡಿ ಮುರಿದುಕೊಂಡು ಸ್ಟ್ರೆಚರ್ ಮೇಲೆ ಹೋದ. ಅಲ್ಲಿಂದ ಶುರುವಾಯಿತು ನೋಡಿ ಶನಿ. ಒಂದರ ಮೇಲೊಂದು ಏಳು ಸೋಲು. ಸ್ಕಾರ್ಫ್ ಮಾಯವಾಯಿತು. ಗಾಜಿನ ಬಾಗಿಲು ಸೋಮವಾರ ಮುಚ್ಚಿದರೆ ಬುಧವಾರದವರೆಗೆ ತೆರೆಯುತ್ತಿರಲಿಲ್ಲ. ಕೋಚನ್ನು ಕಿತ್ತುಹಾಕಿದರು, ಆ ದಿನ ಕೆವಿನ್ ಮಧ್ಯಾಹ್ನವೇ ಮನೆಗೆ ಹೋದ. ಇಡೀ ಆಫೀಸು ಪಿಸುಮಾತಿನಲ್ಲಿ ಕೆಲಸ ಮಾಡುತ್ತಿತ್ತು. ರಜೆ ಬೇಕಾದವರೆಲ್ಲ ನನ್ನ ಹತ್ತಿರ ಬಂದು ಮುಂದಿನ ಮ್ಯಾಚ್ ಯಾರ ಮೇಲೆ, ಗೆಲ್ಲುವ ಸಂಭವ ಇದೆಯೇ ಎಂದು ಕೇಳುತ್ತಿದ್ದರು. ನಾನು ಮ್ಯಾಚುಗಳ ಪಟ್ಟಿ ಇಟ್ಟುಕೊಂಡು ಜ್ಯೋತಿಷಿಯ ಗತ್ತಿನಲ್ಲಿ "ಈ ವಾರ ಬೇಡ" ಎಂದು ಸಲಹೆ ಕೊಡುತ್ತಿದ್ದೆ. ನನ್ನ ಮಾತು ನಂಬಿ ಒಬ್ಬ ತನ್ನ ತಮ್ಮನ ನಿಶ್ಚಿತಾರ್ಥ ತಪ್ಪಿಸಿಕೊಂಡ.

ನನ್ನ ಮಾತು ಕೇಳದವಳು ಒಬ್ಬಳೇ, ಶೋಭಾ. ಹುಬ್ಬಳ್ಳಿಯವಳು, ನಮ್ಮಲ್ಲಿ ಸೇರಿ ಒಂದು ವರ್ಷವಾಗಿತ್ತಷ್ಟೇ. ಏಳನೆಯ ಸೋಲಿನ ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ, ಶುದ್ಧ ರಾಹುಕಾಲದಲ್ಲಿ, ಕೈಯಲ್ಲಿ ಅದೇ ಪಿ.ಆರ್. ಫಾರ್ಮ್ ಹಿಡಿದು ಆ ಗಾಜಿನ ಬಾಗಿಲ ಕಡೆ ನಡೆದಳು. ನಾನು ಅಡ್ಡ ನಿಂತು, "ಶೋಭಾ, ಇವತ್ತು ಬೇಡಮ್ಮಾ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು" ಅಂದೆ. "ಕೇಳಿದ್ರೆ ಏನ್ ಹೊಡೀತಾರಾ ಸರ್?" ಎಂದು ಒಳಗೆ ಹೋದಳು. ಎರಡು ನಿಮಿಷಕ್ಕೆ ಹೊರಗೆ ಬಂದಳು. ಸಹಿ ಆಗಿತ್ತು.

"ಏನಂದ?"

"ಏನೂ ಅನ್ಲಿಲ್ರೀ. ಕೊಟ್ಟೆ, ಸೈನ್ ಮಾಡಿದ್ರು, ಬಂದೆ. ಅದ್ರಾಗ ಏನೈತಿ?" ಅಂದವಳು, ನಾಲಿಗೆ ಊರಿಗೆ ಹೋಗಿದ್ದು ಗೊತ್ತಾಗಿ, "ಅದ್ರಲ್ಲೇನಿದೆ ಸರ್" ಎಂದು ತಿದ್ದಿಕೊಂಡಳು.

ಹುಡುಗಿಯ ಅದೃಷ್ಟ ಅಂದುಕೊಂಡೆ. ಇಂಥ ಹುಚ್ಚು ಧೈರ್ಯ ದಿನವೂ ನಡೆಯುವುದಿಲ್ಲ ಎಂದು ಪಕ್ಕದವನಿಗೆ ಹೇಳಿದೆ ಕೂಡ. ಮನೆಯಲ್ಲಿ ಮಾತ್ರ ಈ ಸುದ್ದಿ ಹೇಳಲಿಲ್ಲ.

ಆಗಸ್ಟಿನಲ್ಲಿ ಕ್ಲಬ್ಬಿಗೆ ಜೀವ ಬಂತು. ನಾಯಕ ಮಂಡಿಗೆ ಪಟ್ಟಿ ಕಟ್ಟಿಕೊಂಡು ವಾಪಸ್ ಬಂದ, ಸತ್ತೆವೋ ಬದುಕಿದೆವೋ ಎಂಬಂತೆ ಗೆದ್ದು ಗೆದ್ದು ಸೆಮಿಫೈನಲ್ ತಲುಪಿದರು. ಫೈನಲ್ ತಲುಪಿದ ಸೋಮವಾರ ಕೇಳುವುದೆಂದು ನಾನು ವೀಣಾಳಿಗೆ ಮಗಳ ಮೇಲೆ ಆಣೆ ಮಾಡಿದೆ. ಆ ಸೆಮಿಫೈನಲ್ಲನ್ನು ನಾನು ನೋಡಿದ ಹಾಗೆ ಆಸ್ಟ್ರೇಲಿಯದಲ್ಲೂ ಯಾರೂ ನೋಡಿರಲಾರರು. ಕೊನೆಯ ನಿಮಿಷದಲ್ಲಿ ನಮ್ಮವನೊಬ್ಬ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿಯೇಬಿಟ್ಟ. ನಾನು ಸೋಫಾ ಮೇಲೆ ಹತ್ತಿ ಕಿರುಚಿದೆ. ಇಂಚರಾ ಏನೋ ಆಯಿತೆಂದು ಅಳಲು ಶುರುಮಾಡಿದಳು. ಅಷ್ಟರಲ್ಲಿ ರೆಫರಿ ಸೀಟಿ ಊದಿದ. ಅದಕ್ಕೆ ಮೊದಲಿನ ಪಾಸು ಒಂದು ಗೇಣು ಮುಂದಕ್ಕೆ ಹೋಗಿತ್ತಂತೆ. ಸೋತೆವು. ನಾನು ಟಿ.ವಿ. ಆರಿಸಿ, ರೆಫರಿಯ ವಂಶವನ್ನೆಲ್ಲ ಬೈದು, ಊಟ ಬೇಡ ಎಂದು ಮಲಗಿಬಿಟ್ಟೆ. ಅದು ಫಾರ್ಮಿನ ದುಃಖವೋ ಕ್ಲಬ್ಬಿನ ದುಃಖವೋ ನನಗೇ ತಿಳಿಯಲಿಲ್ಲ.

ಎರಡು ವಾರದಲ್ಲಿ ಕೆವಿನ್‌ಗೆ ವರ್ಗವಾಯಿತು. ಮುಂದಿನ ಸೋಮವಾರ ಬೀಳ್ಕೊಡುಗೆಯ ಊಟದಲ್ಲಿ ಅವನು ನನ್ನ ಪಕ್ಕ ಬಂದು ಕೂತು, "ಶ್ರೀನಿ, ಇಷ್ಟು ವರ್ಷದಲ್ಲಿ ನನ್ನ ಹತ್ರ ಏನೂ ಕೇಳದವನು ನೀನೊಬ್ಬನೇ" ಎಂದು ಹೊಗಳಿದ. ಈಗಲಾದರೂ ಎಂದು ನಾನು ಗಂಟಲು ಸರಿಮಾಡಿಕೊಂಡು ಇಡೀ ಕಥೆ ಹೇಳಿದೆ. ಅವನು ಬೆರಗಾಗಿ ನನ್ನನ್ನೇ ನೋಡಿದ. "ಅಯ್ಯೋ ಮಾರಾಯ, ಸೋತ ಸೋಮವಾರ ಬಂದಿದ್ರೆ ಇನ್ನೂ ಸುಲಭ ಇತ್ತು. ಅವತ್ತು ಯಾರು ಏನು ಕೊಟ್ರೂ ಓದದೆ ಸೈನ್ ಮಾಡಿಬಿಡ್ತಿದ್ದೆ, ಬೇಗ ಹೊರಗೆ ಹೋಗಲಿ ಅಂತ." ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಎದೆಗೆ ಬಂದು ಕೂತಿದ್ದು ಮಾತ್ರ ಹೀಗೆ ಕನ್ನಡದಲ್ಲೇ. ಅಲ್ಲಿಯೇ ತಟ್ಟೆ ಸರಿಸಿ, ಕುಂಕುಮದ ಫೋಲ್ಡರಿನಿಂದ ಫಾರ್ಮ್ ತೆಗೆದು, ದೊಡ್ಡದಾಗಿ ಸಹಿ ಹಾಕಿಕೊಟ್ಟ. ಎಚ್.ಆರ್.ನ ಹೆಂಗಸು ಅದನ್ನು ನೋಡಿ, ಈ ಊರಿನವರು ಎಲ್ಲ ಮಾತಿಗೂ ಅಂಟಿಸುವ 'ಲಾ' ಸೇರಿಸಿ, "ಕೆನಾಟ್ ಲಾ. ಅವರ ಲಾಸ್ಟ್ ಡೇ ಶುಕ್ರವಾರವೇ ಆಗೋಯ್ತು" ಎಂದು ವಾಪಸ್ ಕೊಟ್ಟಳು. ಹೊಸ ಬಾಸ್ ಬಂದು, ತನ್ನ ಕೈಕೆಳಗೆ ಒಂದು ವರ್ಷ ಕೆಲಸ ಮಾಡದವರಿಗೆ ಸಹಿ ಹಾಕುವುದಿಲ್ಲ ಅಂದ.

ಉಳಿದದ್ದನ್ನು ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಮರುವರ್ಷ ಇಂಚರಾಳಿಗೆ ಎಲ್ಲರದ್ದೂ ಮುಗಿದ ಮೇಲೆ ಚೋವಾ ಚು ಕಾಂಗಿನ ಶಾಲೆಯಲ್ಲಿ ಸೀಟು ಸಿಕ್ಕಿತು. ಶಾಲೆ ಚೆನ್ನಾಗಿದೆ, ಅದರ ತಪ್ಪೇನೂ ಇಲ್ಲ. ಮನೆ ಖಾಲಿ ಮಾಡುವ ದಿನ ಮೇ ಲಿಂಗ್ ವಾಯ್ಡ್ ಡೆಕ್ಕಿನಲ್ಲಿ ನಿಂತು ಕೈ ಬೀಸಿದಳು. ಇಂಚರಾ ಲಾರಿಯ ಕಡೆ ಮುಖ ತಿರುಗಿಸಿಕೊಂಡು ನಿಂತಳು, ಅವಳನ್ನು ನೋಡಲೇ ಇಲ್ಲ. ಶೋಭಾಳಿಗೆ ಪಿ.ಆರ್. ಬಂತು, ಪೇಡಾ ಕೊಟ್ಟಳು. ತಿಂದೆ. ವೀಣಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇಷ್ಟಾದ ಮೇಲೆ ಆ ಕ್ಲಬ್ಬಿನ ಹೆಸರೆತ್ತಿದರೆ ನನಗೆ ಮೈ ಉರಿಯಬೇಕಾಗಿತ್ತು. ಆದದ್ದು ಬೇರೆಯೇ. ಮೊನ್ನೆ ಕೆವಿನ್‌ಗೆ ಫೋನ್ ಮಾಡಿದಾಗ ಅವನು ರಗ್ಬಿ ನೋಡುವುದನ್ನೇ ಬಿಟ್ಟಿದ್ದಾನೆಂದು ಗೊತ್ತಾಯಿತು, ಬಿ.ಪಿ. ಅಂತೆ. ನಾನು ಬಿಟ್ಟಿಲ್ಲ. ಯಾರನ್ನೋ ಮೆಚ್ಚಿಸಲು ಕಲಿತ ಹುಚ್ಚು ಈಗ ನನ್ನದೇ ಆಗಿದೆ. ಶನಿವಾರ ಮಧ್ಯಾಹ್ನ ಟಿ.ವಿ. ಮುಂದೆ ಕೂರುತ್ತೇನೆ, ಸೋತರೆ ಎರಡು ದಿನ ಯಾರೊಂದಿಗೂ ಮಾತಾಡುವುದಿಲ್ಲ. ಮನೆಯ ಬಾಗಿಲು ಗಾಜಿನದಲ್ಲ, ಅಷ್ಟೇ.

ಹೋದ ವಾರ ಕ್ಲಬ್ ಹೀನಾಯವಾಗಿ ಸೋತಿತು. ಬುಧವಾರ ಸಂಜೆ ಇಂಚರಾ ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬ್ಯಾಗಿನಿಂದ ಮುದುಡಿದ ಒಂದು ಕಾಗದ ತೆಗೆದು ಕೊಟ್ಟಳು. ಕ್ಲಾಸಿನವರೆಲ್ಲ ಝೂಗೆ ಹೋಗುವುದಕ್ಕೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕಾದ ಫಾರ್ಮ್. ವೀಣಾ ಕೇಳಿದಾಗೆಲ್ಲ "ಅಪ್ಪನ ಹತ್ರಾನೇ ಹಾಕಿಸ್ಕೋತೀನಿ" ಎಂದಿದ್ದಳಂತೆ. ಕೊನೆಯ ದಿನಾಂಕ ನೋಡಿದೆ. ಮಂಗಳವಾರ.

"ಇದು ನೆನ್ನೆಗೇ ಮುಗೀತಲ್ಲ ಪುಟ್ಟಿ! ಯಾಕೆ ಮುಂಚೆ ಕೊಡ್ಲಿಲ್ಲ?"

"ನಿಮ್ಮ ಟೀಮ್ ಲೂಸ್ ಆಗಿತ್ತಲ್ಲಪ್ಪಾ" ಅಂದಳು. "ವಿನ್ ಆದ್ಮೇಲೆ ಕೇಳೋಣ ಅಂತ ವೇಟ್ ಮಾಡ್ತಿದ್ದೆ ಲಾ."

ನಾನು ಪೆನ್ನು ಹುಡುಕಿ, ಆ ಫಾರ್ಮಿಗೆ ಸಹಿ ಹಾಕಿದೆ.