ಕಾರ್ಕಳಕ್ಕೆ ಹೋದ ಐಪಿ ಅಡ್ರೆಸ್

ಯಾರಿಗೂ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದು ಗುಣ ಎಂದು ನಾನೂ, ರೋಗ ಎಂದು ನನ್ನ ಹೆಂಡತಿಯೂ ಬಹಳ ಕಾಲದಿಂದ ವಾದಿಸುತ್ತಾ ಬಂದಿದ್ದೇವೆ. ಕರೆದವರಿಗೆಲ್ಲ ಬರುತ್ತೇನೆ ಎಂದು ಒಪ್ಪಿಕೊಂಡು, ಒಂದೇ ಮಧ್ಯಾಹ್ನ ಕೆಮ್ಮಣ್ಣು ಊರಿನಲ್ಲೊಂದು, ಉಚ್ಚಿಲದಲ್ಲೊಂದು ಮದುವೆ ಊಟ ಮುಗಿಸಿ, ಸಂಜೆ ಓಮದ ನೀರು ಕುಡಿದು ಮಲಗಿದವನು ನಾನು. ಈ ಸ್ವಭಾವದಿಂದ ಹೊಟ್ಟೆ ಕೆಡುತ್ತದೆ ಎಂಬುದು ಗೊತ್ತಿತ್ತು. ವೈಫೈ ಕೂಡ ಕೆಡುತ್ತದೆ ಎಂದು ತಿಳಿದದ್ದು ಇತ್ತೀಚೆಗೆ.

ಉಡುಪಿಯ ಬಸ್ ನಿಲ್ದಾಣಕ್ಕೆ ತಾಗಿಕೊಂಡ ಕಟ್ಟಡದ ಮೊದಲ ಮಹಡಿಯಲ್ಲಿ ನಮ್ಮ ಪುಟ್ಟ ವಿಮಾ ಕಚೇರಿ. ನಾನು ಅದರ ಮುಖ್ಯಸ್ಥ. ಮುಖ್ಯಸ್ಥನ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲ ಕೆಲಸ ಮಾಡುವವಳು ಕಾಪುವಿನ ಶಬಾನಾ. ವರ್ಷಗಟ್ಟಲೆಯಿಂದ ಆಕೆ ತಾತ್ಕಾಲಿಕ. ಕೊನೆಗೂ ಆಕೆಯನ್ನು ಕಾಯಂ ಮಾಡುವ ಮನಸ್ಸು ಮುಖ್ಯ ಕಚೇರಿಗೆ ಬಂದು, ಆ ದಿನ ಮಧ್ಯಾಹ್ನ ಮೂರಕ್ಕೆ ವಿಡಿಯೋದಲ್ಲೇ ಸಂದರ್ಶನ ಎಂದು ತಿಳಿಸಿದ್ದರು. ಎರಡಕ್ಕೆ ಆಕೆ ಲ್ಯಾಪ್‌ಟಾಪ್ ತೆರೆದರೆ ಅದು ‘ಐಪಿ ಅಡ್ರೆಸ್ ಪಡೆಯಲಾಗುತ್ತಿದೆ’ ಎನ್ನುತ್ತಾ ಸುಮ್ಮನೆ ತಿರುಗತೊಡಗಿತು. ಮೊಬೈಲ್ ಸಿಗ್ನಲ್ ನಮ್ಮ ದಪ್ಪ ಗೋಡೆಗಳ ಒಳಗೆ ಬರುವುದಿಲ್ಲ. ಶಬಾನಾ ಶಾಲಿನ ಪಿನ್ನನ್ನು ತೆಗೆದು ಚುಚ್ಚಿ, ಮತ್ತೆ ತೆಗೆದು ಚುಚ್ಚುತ್ತಿದ್ದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ತಾಂತ್ರಿಕ ವಿಷಯಗಳಲ್ಲಿ ನನಗೆ ಗೊತ್ತಿರುವುದು ಎರಡೇ ಉಪಾಯ, ಒರೆಸುವುದು ಮತ್ತು ಆಫ್ ಮಾಡಿ ಆನ್ ಮಾಡುವುದು. ರೂಟರನ್ನು ಒರೆಸಿದೆ. ಆಫ್ ಮಾಡಿ ಆನ್ ಮಾಡಿದೆ. ತಕ್ಷಣ ಅದರ ದೀಪಗಳೆಲ್ಲ ಹೊತ್ತಿಕೊಂಡವು. ನಾನು ಮೀಸೆ ತಿರುವಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಶಬಾನಾ ಲ್ಯಾಪ್‌ಟಾಪನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿದಳು. ಮತ್ತೆ ಅದೇ ತಿರುಗಾಟ. ಕಂಪ್ಯೂಟರ್ ರಿಪೇರಿಯ ಅಶ್ರಫನಿಗೆ ಕಚೇರಿಯ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿದೆ. ಅವನು ಪುಣ್ಯಕ್ಕೆ ಪಕ್ಕದ ರಸ್ತೆಯಲ್ಲೇ ಇದ್ದ.

“ವೈಫೈ ಸಿಗ್ತಾ ಉಂಟು ಸರ್. ಐಪಿ ಸಿಗುವುದಿಲ್ಲ, ಅಷ್ಟೇ,” ಎಂದ ಅಶ್ರಫ್, ಬಂದು ನೋಡಿ.

“ಎಂತ ವ್ಯತ್ಯಾಸ ಮಾರಾಯ?”

“ಒಳಗೆ ಬಂದ ಪ್ರತಿ ಫೋನಿಗೂ ರೂಟರ್ ಒಂದು ನಂಬರ್ ಕೊಡಬೇಕು. ಅದೇ ಅಡ್ರೆಸ್. ನಿಮ್ಮದರಲ್ಲಿ ಮೂವತ್ತೇ ಇಟ್ಟದ್ದು. ಒಮ್ಮೆ ಕೊಟ್ಟರೆ ಇಡೀ ದಿನ ಅದು ಅವರಿಗೇ, ಅವರು ಎಲ್ಲಿ ಹೋದರೂ. ಆಫೀಸಿನಲ್ಲಿ ನೀವು ಎಷ್ಟು ಜನ?”

“ಇಬ್ಬರು.”

“ಮತ್ತೆ ಮೂವತ್ತು ಯಾರು ತೆಕ್ಕೊಂಡದ್ದು?”

ಅಷ್ಟರಲ್ಲಿ ಕಿಟಕಿಯ ಕೆಳಗೆ ಕಾರ್ಕಳದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಸುಧಾಕರ ಫೋನ್ ಹಿಡಿದುಕೊಂಡು ತಲೆ ಎತ್ತಿ, “ಸರ್, ನಿಮ್ಮ ವೈಫೈ ಇವತ್ತು ಸ್ವಲ್ಪ ಸ್ಲೋ ಉಂಟು ಅಲ್ವಾ?” ಎಂದು ಕೇಳಿದ.

ನಮ್ಮ ಕಡೆ ಕಾಗದಪತ್ರ ಅಂಚೆಯಲ್ಲಿ ಹೋಗುವುದಕ್ಕಿಂತ ಬಸ್ಸಿನಲ್ಲಿ ಹೋಗುವುದೇ ಹೆಚ್ಚು. ಕಾಪುವಿನದ್ದೋ ಕಾರ್ಕಳದ್ದೋ ಕವರನ್ನು ಕಂಡಕ್ಟರುಗಳು ಮೆಟ್ಟಿಲು ಹತ್ತಿ ತಂದು ಕೊಡುತ್ತಾರೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಪದ್ಧತಿ. ನಾನು ಅದರ ಜೊತೆಗೆ ಪಾಸ್‌ವರ್ಡನ್ನೂ ಕೊಡುತ್ತಿದ್ದೆ. ಅವರು ಡ್ರೈವರಿಗೆ, ಡ್ರೈವರ್ ದಿನವೂ ಬರುವ ಪ್ರಯಾಣಿಕರಿಗೆ ದಾಟಿಸಿದ್ದರು. ಬಸ್ಸು ನಿಂತಾಗಲೆಲ್ಲ ಅವರ ಫೋನುಗಳು ಜೇಬಿನೊಳಗಿಂದಲೇ ಒಂದೊಂದು ಅಡ್ರೆಸ್ ತೆಗೆದುಕೊಂಡು ಊರಿಗೆ ಹೋಗುತ್ತಿದ್ದವು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

“ಪಾಸ್‌ವರ್ಡ್ ಬದಲಿಸುವಾ. ಅಡ್ರೆಸ್ ಹಿಡಿದಿಡುವ ಸಮಯವನ್ನೂ ಒಂದು ಗಂಟೆಗೆ ಇಳಿಸುವಾ,” ಎಂದ ಅಶ್ರಫ್.

“ಪಾಪ, ಸುಧಾಕರ ಎಂತ ತಿಳಿದುಕೊಳ್ಳುತ್ತಾನೋ,” ಎಂದೆ ನಾನು.

ಶಬಾನಾ ನನ್ನನ್ನು ನೋಡಿದಳು. ಇಷ್ಟು ವರ್ಷಗಳಲ್ಲಿ ಆಕೆ ನನ್ನನ್ನು ಹಾಗೆ ನೋಡಿದ್ದಿಲ್ಲ. ನಾನು ಬೇಗನೆ, “ಬದಲಿಸು ಮಾರಾಯ,” ಎಂದೆ.

ಸಂದರ್ಶನ ಸಮಯಕ್ಕೆ ಸರಿಯಾಗಿ ಆಯಿತು. ಕಚೇರಿಯ ದೊಡ್ಡ ತೊಂದರೆ ಯಾವುದು ಎಂದು ಅವರು ಕೇಳಿದಾಗ ಶಬಾನಾ, “ನಮ್ಮ ಸರ್ ತುಂಬಾ ಒಳ್ಳೆಯವರು,” ಎಂದಳು. ಪಕ್ಕದಲ್ಲಿದ್ದ ನಾನು ಹಿಗ್ಗಿಹೋದೆ. ಕೇಳಿದ ಪ್ರಶ್ನೆ ಯಾವುದೆಂದು ನೆನಪಾದದ್ದು ಮನೆಗೆ ಹೋಗುವಾಗ. ಮರುವಾರ ಕಾಯಂ ಆದೇಶ ಬಂತು. ನನಗೆ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದೇಶದ ಜೊತೆಗೆ ಕಚೇರಿಯ ವೈಫೈ ಜವಾಬ್ದಾರಿಯೂ ಆಕೆಗೇ ಬಂತು. ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಿದ್ದಾಳೆ. ನನ್ನ ಕಂಪ್ಯೂಟರಿಗೆ ತಾನೇ ಹಾಕಿಕೊಟ್ಟಳು. ಫೋನಿಗೆ ಕೇಳಿದರೆ, “ಅದು ಬೇಡ ಸರ್,” ಎಂದಳು.

ಮೊನ್ನೆ ಸುಧಾಕರ ಕವರು ತಂದವನು ಹೊಸ ಪಾಸ್‌ವರ್ಡ್ ಕೇಳಿದ. ನನಗೇ ಗೊತ್ತಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ನನ್ನ ಮುಖವನ್ನೂ ಶಬಾನಾಳ ಮುಖವನ್ನೂ ನೋಡಿ, ಧ್ವನಿ ತಗ್ಗಿಸಿ, “ಬೇಸರ ಮಾಡ್ಬೇಡಿ ಸರ್. ಕೆಳಗೆ ಹೋಗಿ ನನ್ನ ಹಾಟ್‌ಸ್ಪಾಟ್ ಆನ್ ಮಾಡ್ತೇನೆ. ನೀವು ಕಿಟಕಿ ಹತ್ತಿರ ಬನ್ನಿ,” ಎಂದ.

ಬಸ್ಸು ಹೊರಡುವವರೆಗೆ ನಾನು ಕಿಟಕಿಯಲ್ಲೇ ನಿಂತಿದ್ದೆ.