ತಿಪ್ಪೆಗೆ ಹೊದಿಸಿದ ನೀಲಿ ಟಾರ್ಪಾಲು

ಮುಚ್ಚಿಡುವುದು ನನ್ನ ಸ್ವಭಾವ. ಊಟದ ಡಬ್ಬಿಯಲ್ಲಿ ಏನಿದೆಯೆಂದೂ ಸಹೋದ್ಯೋಗಿಗಳಿಗೆ ಹೇಳುವವಳಲ್ಲ. ಆದರೆ ವಾಸನೆಯಿರುವುದನ್ನು ಮುಚ್ಚಿಡಲು ಸ್ವಭಾವವೊಂದೇ ಸಾಲದು.

ಗುಂಡ್ಲುಪೇಟೆಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಹೇಳುತ್ತೇನೆ. ಆಗ ಹರದನಹಳ್ಳಿಯ ತವರಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಮ್ಮೆ ಪದ್ಯವೊಂದರಲ್ಲಿ 'ಡಿಕೇ' ಎಂಬ ಮಾತು ಬಂತು. ಕೊಳೆಯುವುದು ಎಂದು ಹೇಳಿ ಮುಂದೆ ಹೋಗಬಹುದಿತ್ತು. ನಿಘಂಟು ತೆರೆದು ಕೂತೆ. ಲ್ಯಾಟಿನ್ನಿನಲ್ಲಿ 'ಬೀಳು' ಎಂಬ ಕ್ರಿಯಾಪದವಿದೆಯಂತೆ. ಕಳಚಿ ಕೆಳಗೆ ಬೀಳುವುದು ಡಿಕೇ. ದಾಳ ಬೀಳುವುದು ಚಾನ್ಸ್. ನಾವು ದಿನವೂ 'ಒಂದು ಚಾನ್ಸ್ ಕೊಡಿ' ಅನ್ನುತ್ತೇವಲ್ಲ, ಅದೂ ಈ ಕೊಳೆಯುವುದೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು! ಮನೆ ಸೇರುವ ತನಕ ಮೈ ಜುಮ್ಮೆನ್ನುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ಮನೆಯಲ್ಲಿ ಬೇರೆಯೇ ಸುದ್ದಿ. ಮರುದಿನ ಬೆಳಿಗ್ಗೆ ಬೇಗೂರಿನವರು ನನ್ನನ್ನು ನೋಡಲು ಬರುತ್ತಾರೆಂದು ಎಸ್‌ಟಿಡಿ ಬೂತಿಗೆ ಫೋನು ಬಂದಿತ್ತು. ಹುಡುಗನನ್ನು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದೆ. ನೂಕುನುಗ್ಗಲಿನಲ್ಲಿ ನಿಂತೇ ಪುಸ್ತಕ ಓದುವ ಮೇಷ್ಟ್ರು. ಈ ಸಂಬಂಧ ಕೂಡಿಬರಲಿ ಎಂಬ ಆಸೆಯನ್ನೂ ಮುಚ್ಚಿಟ್ಟಿದ್ದೆ.

ಆದರೆ ಅಂಗಳದಲ್ಲೇ ನಮ್ಮ ತಿಪ್ಪೆ. ಸಗಣಿ, ಹುಲ್ಲು, ಬಾಳೆದಿಂಡು, ಎಲ್ಲದರ ಗುಡ್ಡ. ಸಂಜೆಯೇ ನೀಲಿ ಟಾರ್ಪಾಲು ಹೊದಿಸಿ, ಸುತ್ತ ಕಲ್ಲು ಹೇರಿದೆ.

"ದೀಪಾವ್ಳೀಲಿ ದೀಪ ಮಡಗಿ ಕೈ ಮುಗಿಯೋ ತಿಪ್ಪಮ್ಮನ್ಗೆ ಮುಸುಕು ಆಕ್ಬುಟ್ಟಲ್ಲ ಕಣಮ್ಮಿ!" ಎಂದಳು ಅಜ್ಜಿ. "ಅವ್ರು ಬರಾದು ನಿನ್ನೊಬ್ಳನ್ನೇ ನೋಡಕ್ಕೆ ಅನ್ಕಂಡಿದ್ದೀಯಾ?"

ಬೆಳಿಗ್ಗೆ ಬಂದು ಕೂತ ಹುಡುಗನ ತಂದೆ ಉಪ್ಪಿಟ್ಟು ಮುಟ್ಟದೆ ಅಂಗಳವನ್ನೇ ನೋಡುತ್ತಿದ್ದರು. "ತಿಪ್ಪೆ ಎಲ್ಲಿ? ದನಗಿನ ಮಾರ್ಬುಟ್ರಾ?"

ಅಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಅವರತ್ತ ಇನ್ನಷ್ಟು ಸರಿಸಿದ.

"ತಿಪ್ಪೆ ನೋಡಿ ಎಣ್ಣು ತರ್ಬೇಕು ಅಂತಿದ್ದ ನಮ್ಮಪ್ಪ. ಇನ್ನೊಂದ್ ಕಿತ ನೋಡನ ಬುಡಿ," ಎಂದು ಅವರು ಎದ್ದೇಬಿಟ್ಟರು.

ಮೇಷ್ಟ್ರು ಚಪ್ಪಲಿ ಹುಡುಕುತ್ತಿದ್ದರು. ಸಿಕ್ಕ ಮೇಲೂ ಹುಡುಕುತ್ತಿದ್ದರು. ತಲೆಯೆತ್ತದೆ ಕೂರಬೇಕಾಗಿದ್ದ ನಾನು ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿ, ಅಂಗಳಕ್ಕಿಳಿದು ಟಾರ್ಪಾಲು ಎಳೆದೆ.

ಚಳಿಯ ಬೆಳಗು. ಅಷ್ಟು ಹೊತ್ತೂ ಉಸಿರು ಹಿಡಿದಿದ್ದ ತಿಪ್ಪೆಯಿಂದ ಆವಿ ಎದ್ದಿತು. ಬೆಳ್ಳಗೆ, ಮೆಲ್ಲಗೆ, ಹೆಂಚಿನೆತ್ತರಕ್ಕೆ. ಬಿಸಿಲು ಅದರೊಳಗೆ ಕೋಲಾಗಿ ನಿಂತಿತು. ಬಿದ್ದ ಎಲೆ, ಬಿದ್ದ ಸಗಣಿ, ಬಿದ್ದ ಸಿಪ್ಪೆ, ಬಿದ್ದುದೆಲ್ಲ ಕಣ್ಣೆದುರೇ ಮೇಲೇಳುತ್ತಿತ್ತು. ನಿಘಂಟು ಅರ್ಧ ಮಾತ್ರ ಹೇಳಿತ್ತು. ಮೂಗು ಮುಚ್ಚಿಕೊಳ್ಳುವುದೂ ನನಗೆ ಮರೆತುಹೋಯಿತು.

"ಏನ್ ಕಾವು ಕಣ್ಲಾ!" ತಂದೆ ಮಗನ ಬೆನ್ನು ತಟ್ಟಿದರು. "ಚಪ್ಪಲಿ ಬುಡು. ಉಪ್ಪಿಟ್ಟು ತಿನ್ನನ ಬಾ."

ದಾಳ ಬಿತ್ತು. ಈಗ ಬೇಗೂರಿನಲ್ಲಿ ಮಾವನವರು ಬಂದವರಿಗೆಲ್ಲ ನನ್ನನ್ನು ಪರಿಚಯಿಸುವುದು ಹೀಗೆ: "ಅರದನಳ್ಳಿ ದೊಡ್ಡ ತಿಪ್ಪೆ ಮನೆ ಎಣ್ಣು." ಎಂ.ಎ. ಮಾಡಿರುವುದನ್ನು ಅವರು ಹೇಳುವುದಿಲ್ಲ. ಅದನ್ನು ನಾನೂ ಮುಚ್ಚಿಟ್ಟಿದ್ದೇನೆ.