ಆರೂವರೆ ಬಸ್ಸು, ಕೊನೆಯ ಸೀನು

ಶೆಟ್ಟಿಕೆರೆಯ ರಂಗಪ್ಪ ಆ ನಾಟಕವನ್ನು ಹನ್ನೊಂದು ಸಲ ನೋಡಿದ್ದ. ಅದರ ಕೊನೆಯ ಸೀನನ್ನು ಒಂದು ಸಲವೂ ನೋಡಿರಲಿಲ್ಲ. ಕಾರಣ, ಆರೂವರೆಯ ಬಸ್ಸು.

ಚಿಕ್ಕನಾಯಕನಹಳ್ಳಿಯ ನಾಟಕ ಸಂಘದವರು ರಾತ್ರಿಯ ಕರೆಂಟನ್ನು ನಂಬದೆ, ವರ್ಷಕ್ಕೊಮ್ಮೆ ಹಗಲಲ್ಲೇ ಪೌರಾಣಿಕ ನಾಟಕ ಆಡುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಪರದೆ ಎದ್ದರೆ, ರಾಜ ಗದೆ ಎತ್ತಿಕೊಂಡು ಕೊನೆಯ ಕಾಳಗಕ್ಕೆ ನಿಲ್ಲುವ ಹೊತ್ತಿಗೆ ಸರಿಯಾಗಿ ಕಡೇ ಬಸ್ಸು ಹಾರನ್ ಹೊಡೆಯುತ್ತಿತ್ತು. ರಂಗಪ್ಪ ಟವೆಲು ಕೊಡವಿ ಓಡುತ್ತಿದ್ದ. ರಾಜ ಸಾಯುತ್ತಾನೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅವನ ಕೊಟ್ಟಿಗೆಯ ಎಮ್ಮೆಗೂ ಗೊತ್ತಿದ್ದೀತು. ಆದರೆ ಊಟದ ಕೊನೆಗೆ ಪಾಯಸವಿದೆ ಎಂದು ತಿಳಿದಿರುವುದು ಬೇರೆ, ಅದು ಎಲೆಗೆ ಬೀಳುವುದು ಬೇರೆ.

ಈ ವರ್ಷ ಅವನೇ ಸಂಘದ ಬಾಗಿಲಿಗೆ ನಾಲ್ಕು ಸಲ ಅಲೆದು, ಒಂದು ಗೊನೆ ಎಳನೀರು ಹೊತ್ತುಕೊಟ್ಟು, ನಾಟಕವನ್ನು ಹನ್ನೆರಡಕ್ಕೇ ಶುರುಮಾಡಲು ಒಪ್ಪಿಸಿದ್ದ.

"ಈ ಸಲ ಕಡೇ ಸೀನು ನೋಡ್ಕಂಡೇ ಬತ್ತೀನಿ ಕಣೇ," ಎಂದು ಹೆಂಡತಿ ಚಿಕ್ಕಗೌರಮ್ಮನಿಗೆ ಹೇಳಿದ.

"ನೋಡ್ಕಂಡಾದ್ರೂ ಬನ್ನಿ, ನೋಡ್ದೆ ಆದ್ರೂ ಬನ್ನಿ. ಬಸ್ಸು ಬುಟ್ರೋ, ಅಲ್ಲೇ ಬಣ್ಣ ಹಚ್ಕಂಡು ಸಂಘ ಸೇರ್ಕಳಿ."

ನಾಟಕದ ದಿನ ಮುಂದಿನ ಸಾಲಿನಲ್ಲಿ, ಟೈಲರ್ ಖುದ್ದೂಸ್ ಸಾಬರ ಪಕ್ಕ ಜಾಗ ಸಿಕ್ಕಿತು. ಹನ್ನೆರಡಕ್ಕೆ ಪರದೆ ಏಳಲಿಲ್ಲ, ಮುಖ್ಯ ಅತಿಥಿ ಎದ್ದರು. ಅವರ ಭಾಷಣ ಮುಗಿದ ಮೇಲೆ ಹಾರ್ಮೋನಿಯಂ ಮಾಸ್ತರರಿಗೆ ಶಾಲು, ಶಾಲು ಹೊದಿಸಿದವರಿಗೆ ಇನ್ನೊಂದು ಶಾಲು. ಉಳಿಸಿಕೊಂಡಿದ್ದ ಎರಡು ಗಂಟೆಯಲ್ಲಿ ಒಂದು ಗಂಟೆ ಅಲ್ಲೇ ಕರಗಿತು.

ಕೊನೆಗೂ ರಾಜ ಬಂದ. ಆರಡಿ ಆಳು, ಮೀಸೆ ತೆಂಗಿನ ಗರಿಯಂತೆ ಎರಡೂ ಕಡೆ ಚಾಚಿತ್ತು. ಅವನು ಮೊದಲ ಹಾಡು ಮುಗಿಸುತ್ತಲೇ ಖುದ್ದೂಸ್, "ಒನ್ಸ್ ಮೋರ್!" ಎಂದು ಕೂಗಿದರು. ಸಂಘದ ರೂಢಿ ಕಟ್ಟುನಿಟ್ಟು: ಯಾರು ಕೂಗಿದರೂ ಹಾಡು ಮೊದಲಿಂದ.

ರಂಗಪ್ಪ ಅವರ ಕೈ ಹಿಡಿದುಕೊಂಡ. "ಸಾಬ್ರೇ, ನಿಮ್ ದಮ್ಮಯ್ಯ, ಸುಮ್ಕಿರಿ. ಒಂದೊಂದು ಒನ್ಸ್ ಮೋರಿಗೂ ಹತ್ತು ನಿಮಿಷ ಹೋಯ್ತದೆ. ನನ್ ಬಸ್ಸು!"

"ಯಾವ ಬಸ್ಸು?"

"ಆರೂವರೆ ಶೆಟ್ಟಿಕೆರೆ ಬಸ್ಸು."

ಖುದ್ದೂಸ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ರಂಗಪ್ಪನೋರೇ, ಆ ಬಸ್ಸಿಗೆ ಹೊಸ ಡ್ರೈವರ್ ಯಾರು ಗೊತ್ತಾ? ಅಗೋ, ಸಿಂಹಾಸನದ ಮೇಲೆ ಕೂತವ್ನಲ್ಲ, ಬೀರೇಶ! ಅವನ ಅಂಗಿ ಹೊಲ್ದೋನು ನಾನೇ. ರಾಜ ಕೆಳಗಿಳೀದೆ ಬಸ್ಸು ಎಲ್ಲಿಗ್ರೀ ಹೋಯ್ತದೆ?"

ಹನ್ನೊಂದು ವರ್ಷದ ಭಾರ ರಂಗಪ್ಪನ ಎದೆಯಿಂದ ಇಳಿಯಿತು. ಚಕ್ಕಳಮಕ್ಕಳ ಹಾಕಿ ಕೂತ. ಕಡ್ಲೆಕಾಯಿ ತಗೊಂಡ. ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿ ತೆರೆದು, "ಒನ್ಸ್ ಮೋರ್!" ಎಂದ. ರಾಜ ಮತ್ತೆ ಹಾಡಿದ. ಆ ಸುಖ ನೆತ್ತಿಗೇರಿತು. ಮನೆಯಲ್ಲಿ ಯಾರೂ ಕೇಳದ ತನ್ನ ಮಾತನ್ನು ಕಿರೀಟ ಹೊತ್ತವನು ಕೇಳುತ್ತಿದ್ದಾನೆ! ಅಲ್ಲಿಂದ ರಾಣಿಯ ಅಳುವಿಗೆ ಒನ್ಸ್ ಮೋರ್, ಮಂತ್ರಿಯ ಉಪದೇಶಕ್ಕೆ ಒನ್ಸ್ ಮೋರ್, ದೂತ ಬಂದು ಓಲೆ ಕೊಟ್ಟು ಹೋದದ್ದಕ್ಕೂ ಒನ್ಸ್ ಮೋರ್. ದೂತ ಮುಜುಗರದಿಂದ ವಾಪಸು ಬಂದು, ಓಲೆ ಇಸಿದುಕೊಂಡು, ತಿರುಗಿ ಕೊಟ್ಟು ಹೋದ.

"ಯಾವನ್ಲಾ ಅವ್ನು? ನಮ್ ಹಸ ಕರೆಯೋ ಹೊತ್ತಾಯ್ತು!" ಎಂದು ಹಿಂದಿನಿಂದ ಒಬ್ಬಾಕೆ ಬೈದಳು.

ಕೊನೆಯ ಸೀನಿನ ಪರದೆ ಎದ್ದಾಗ ಆರೂವರೆಗೆ ಐದು ನಿಮಿಷ. ಗದೆ ಹೊತ್ತು ರಾಜ ಬಂದ. ಕಿರೀಟ ಕಿವಿಯವರೆಗೆ ಇಳಿದಿತ್ತು. ಆಳು ಒಂದಡಿ ಕುಳ್ಳಗಾಗಿದ್ದ.

"ಪಾಪ, ಯುದ್ಧದ ಚಿಂತೆಗೆ ಕುಗ್ಗೋಗವ್ನೆ," ಎಂದು ರಂಗಪ್ಪ ಮರುಗಿದ.

ಹೊರಗೆ ಬಸ್ಸು ಹಾರನ್ ಹೊಡೆಯಿತು. ರಂಗಪ್ಪ ಗಹಗಹಿಸಿ ನಕ್ಕ. "ಹೊಡ್ಕ, ಹೊಡ್ಕ! ಡ್ರೈವರ್ ಇಲ್ಲೇ ಅವ್ನೆ!"

"ಎಲ್ಲಿ ಅವ್ನೆ? ಇವ್ನು ಬೀರೇಶ ಅಲ್ಲ, ಅಣ್ಣಯ್ಯ ಅಲ್ವಾ?" ಎಂದರು ಖುದ್ದೂಸ್. "ರಾಜನ ಪಾರ್ಟು ನಂಗೇ ಬೇಕು ಅಂತ ಇಬ್ರೂ ಹಟ ಹಿಡಿದ್ರು, ಸಂಘದೋರು ಅರ್ಧ ಅರ್ಧ ಹಂಚಿದ್ರು. ರಾಜ್ಯ ಆಳೋನು ಬೀರೇಶ, ಸಾಯೋನು ಅಣ್ಣಯ್ಯ. ಎರಡು ಅಂಗಿ ಹೊಲ್ದಿದೀನಿ ನಾನು."

"ಮದ್ಲೇ ಹೇಳಾಕೇನಾಗಿತ್ರೀ ನಿಮ್ಗೆ!"

"ನೀವು ಬಸ್ಸಿನ ವಿಚಾರ ತೆಗೆದ್ರಿ. ಅಂಗಿ ವಿಚಾರ ಎಲ್ಲಿ ಕೇಳಿದ್ರಿ?"

ರಂಗಪ್ಪ ಓಡಿದ. ಬೆನ್ನ ಹಿಂದೆ ಗದೆಗೆ ಗದೆ ತಾಗಿದ ಸದ್ದು, ಜನರ ಹೋ ಎಂಬ ಕೂಗು. ತಿರುಗಿ ನೋಡಲು ಪುರಸೊತ್ತಿಲ್ಲ. ಆಗಲೇ ಹೊರಟಿದ್ದ ಬಸ್ಸಿನ ಬಾಗಿಲ ಕಂಬಿಗೆ ಜೋತುಬಿದ್ದು, ಒಳಕ್ಕೆ ನುಗ್ಗಿ, ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕುಸಿದ.

ಸ್ಟೇರಿಂಗ್ ಹಿಂದೆ ಖಾಕಿ ಅಂಗಿಯ ರಾಜ ಕೂತಿದ್ದ. ಕೆನ್ನೆಯ ಬಣ್ಣವನ್ನೂ ಮೀಸೆಯನ್ನೂ ತೆಗೆಯಲು ಅವನಿಗೆ ಸಮಯ ಸಿಕ್ಕಿರಲಿಲ್ಲ.

"ನಾಟಕದಿಂದ ಬಂದ್ರಾ ದೊಡ್ಡಪ್ಪ?" ಎಂದ ಬೀರೇಶ, ಆಸೆಯಿಂದ. "ಹೇಳಿ ಮತ್ತೆ, ನಾನು ಹೆಂಗೆ ಸತ್ತೆ? ತಿಂಗಳಿಂದ ಪ್ರಾಕ್ಟೀಸು, ನಾನು ಸಾಯೋದನ್ನ ಒಂದಿನಾನೂ ನೋಡಿಲ್ಲ. ಆ ಹೊತ್ಗೆ ಸರಿಯಾಗಿ ಡ್ಯೂಟಿ. ಇವತ್ತು ಆರಕ್ಕೇ ಮುಗೀಬೇಕಿತ್ತು, ಕಣ್ತುಂಬ ನೋಡ್ಕಂಡೇ ಬರಾಣ ಅಂತಿದ್ದೆ. ಯಾವನೋ ಒಬ್ಬ ಮುಂದ್ಗಡೆ ಕೂತ್ಕಂಡು ಒನ್ಸ್ ಮೋರ್ ಒನ್ಸ್ ಮೋರ್ ಅಂತ ಕೂಗಿ ಎಲ್ಲಾ ಹಾಳ್ಮಾಡ್ದ. ಸಿಗ್ಲಿ ಬಡ್ಡೀಮಗ, ನಡುದಾರೀಲಿ ಇಳಿಸ್ತೀನಿ."

ಬಸ್ಸಿನವರೆಲ್ಲ ಕತ್ತು ಚಾಚಿದರು. ರಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡ; ಒರೆಸಿ ಆದ ಮೇಲೂ ಟವೆಲನ್ನು ಅಲ್ಲಿಂದ ತೆಗೆಯಲಿಲ್ಲ.

"ನೀನಿನ್ನೂ ಸತ್ತಿಲ್ಲ ಕಣಪ್ಪ," ಎಂದ ಟವೆಲಿನ ಒಳಗಿನಿಂದಲೇ. "ಅವ್ನು ಒನ್ಸ್ ಮೋರ್ ಅಂತಾನೇ ಅವ್ನೆ."